ಹೆಸರು ನೂರು, ಬೀಜ ಯಾವುದು?

ಮೃಗಶಿರ ಮಳೆಗೆ ಎರೆಹೊಲ ಹದವಾಗುವ ಮೊದಲೇ ರಾಯಚೂರು ಜಿಲ್ಲೆಯ ಬೀಜದಂಗಡಿಗಳಲ್ಲಿ ಹತ್ತಿಬೀಜದ ಪಾಕೀಟುಗಳು ಸಾಲುಗಟ್ಟುತ್ತವೆ. ಎಲ್ಲದರ ಮೇಲೂ ಬಿರಿದ ಹತ್ತಿಯ ಚಿತ್ರ, ಬಾಯಲ್ಲಿ ನಿಲ್ಲುವಂಥ ಹೆಸರು. ಕಲ್ಲೂರು, ಮಾನ್ವಿ, ದೇವದುರ್ಗದ ಕಡೆಯ ರೈತ ಇವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವ ಆಧಾರದ ಮೇಲೆ?

ಜವಾರಿ ಹತ್ತಿಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅರಳೆ ಬಿಡಿಸಿದ ಮೇಲೆ ಉಳಿದ ಬೀಜವೇ ಮುಂದಿನ ವರ್ಷದ ಬಿತ್ತನೆ. 1970ರಲ್ಲಿ ಸೂರತ್‌ನ ‘ಎಚ್-4’, 1972ರಲ್ಲಿ ಧಾರವಾಡದ ‘ವರಲಕ್ಷ್ಮಿ’ ಬಂದ ಮೇಲೆ ಲೆಕ್ಕ ಬದಲಾಯಿತು. ಸಂಕರ ತಳಿಯ ಬೀಜವನ್ನು ಉಳಿಸಿ ಬಿತ್ತಿದರೆ ಗುಣ ಚದುರಿಹೋಗುತ್ತದೆ. ವರ್ಷವೂ ಹೊಸದನ್ನೇ ಕೊಳ್ಳಬೇಕು. ಬೀಜದ ಒಡೆಯನಾಗಿದ್ದ ರೈತ ಬೀಜದ ಗ್ರಾಹಕನಾದದ್ದು ಹೀಗೆ.

2002ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಮೂರು ಬಿಟಿ ತಳಿಗಳಿಗೆ ಅನುಮತಿ ನೀಡಿತು. ಹತ್ತು ವರ್ಷಗಳಲ್ಲಿ ಅನುಮತಿ ಪಡೆದ ತಳಿಗಳ ಸಂಖ್ಯೆ ಸಾವಿರ ದಾಟಿತು. ಕಾಯಿಕೊರಕವನ್ನು ಕೊಲ್ಲುವ ವಂಶವಾಹಿಯನ್ನು ಹತ್ತಾರು ಕಂಪನಿಗಳು ಶುಲ್ಕ ತೆತ್ತು ಪಡೆದು ತಮ್ಮ ತಮ್ಮ ತಳಿಗಳಿಗೆ ಸೇರಿಸಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣ. 2006ರಲ್ಲಿ ಎರಡು ವಂಶವಾಹಿಗಳ ಬೋಲ್‌ಗಾರ್ಡ್-2 ಬಂತು. ಹೀಗಾಗಿ ಹೆಸರು ಬೇರೆ ಬೇರೆಯಾದರೂ ಬಹುಪಾಲು ಪಾಕೀಟುಗಳಲ್ಲಿರುವ ಕೀಟನಿರೋಧಕ ಗುಣ ಒಂದೇ. ಗುಲಾಬಿ ಕಾಯಿಕೊರಕವಂತೂ ಈಗ ಅದನ್ನೂ ಜೀರ್ಣಿಸಿಕೊಂಡಿದೆ.

ನಿಜವಾದ ವ್ಯತ್ಯಾಸ ಇರುವುದು ಬೇರೆಡೆ. ಬೆಳೆ ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ರಸ ಹೀರುವ ಕೀಟಗಳನ್ನು ಎಷ್ಟು ತಾಳುತ್ತದೆ, ಕಾಲುವೆಯ ಹೊಲಕ್ಕೆ ತಕ್ಕದ್ದೋ ಮಳೆಯಾಶ್ರಿತ ಎರೆಗೆ ತಕ್ಕದ್ದೋ ಎಂಬುದರಲ್ಲಿ. ಬೇಗ ಮುಗಿಯುವ ತಳಿಯಾದರೆ ಹಂಗಾಮಿನ ಕೊನೆಯಲ್ಲಿ ಹೆಚ್ಚುವ ಗುಲಾಬಿ ಹುಳುವಿನಿಂದ ಸ್ವಲ್ಪ ಪಾರಾಗಬಹುದು. ಆದರೆ ಪಾಕೀಟಿನ ಮೇಲೆ ಎದ್ದು ಕಾಣುವುದು ಇವಲ್ಲ, ಹೆಸರು.

ಬೆಲೆಯೂ ದಾರಿ ತೋರದು. 2016ರಿಂದ ಬಿಟಿ ಹತ್ತಿಬೀಜದ ಗರಿಷ್ಠ ಬೆಲೆಯನ್ನು ಕೇಂದ್ರವೇ ಗೊತ್ತುಪಡಿಸುತ್ತಿದೆ. 2025-26ಕ್ಕೆ ಬೋಲ್‌ಗಾರ್ಡ್-2ರ ಪಾಕೀಟಿಗೆ 901 ರೂಪಾಯಿ. ಇದರಿಂದ ರೈತನ ಹೊರೆ ಇಳಿದದ್ದು ನಿಜ. ಆದರೆ ಎಲ್ಲದಕ್ಕೂ ಒಂದೇ ಮಿತಿ ಇರುವಾಗ ಬೆಲೆ ನೋಡಿ ಗುಣ ಅಳೆಯುವಂತಿಲ್ಲ.

ಉಳಿದದ್ದು ನೆರೆಹೊಲದ ಮಾತು. ನಮ್ಮ ನೆರೆಯ ತೆಲಂಗಾಣದ ವರಂಗಲ್ ಜಿಲ್ಲೆಯಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ಗ್ಲೆನ್ ಡೇವಿಸ್ ಸ್ಟೋನ್ 2007ರಲ್ಲಿ ಇದನ್ನೇ ಬರೆದರು. ಊರಿಗೆ ಊರೇ ಒಂದು ವರ್ಷ ಒಂದು ಹೆಸರಿನ ಹಿಂದೆ, ಮರುವರ್ಷ ಇನ್ನೊಂದರ ಹಿಂದೆ ಓಡುತ್ತಿತ್ತು. ತಳಿಗಳು ಬದಲಾಗುವ ವೇಗಕ್ಕೆ ಹೊಲದಲ್ಲಿ ಪರೀಕ್ಷಿಸಿ ಕಲಿಯಲು ಬಿಡುವೇ ಇರಲಿಲ್ಲ. ರೈತನ ಕೌಶಲವೇ ಸವೆಯುತ್ತಿದೆ ಎಂಬುದು ಅವರ ವಾದ.

ಆಯ್ಕೆ ಹೆಚ್ಚಿದಷ್ಟೂ ಒಳಿತು ಎನ್ನುವ ಮಾತು ಸೀರೆ, ಸಾಬೂನಿಗೆ ಒಪ್ಪೀತು. ಅಲ್ಲಿ ತಪ್ಪಿದರೆ ಮುಂದಿನ ವಾರ ತಿದ್ದಿಕೊಳ್ಳಬಹುದು. ಬೀಜದ ತಪ್ಪು ಗೊತ್ತಾಗುವುದು ತಿಂಗಳುಗಳ ಮೇಲೆ, ಗೊಬ್ಬರ, ಔಷಧಿ, ಕೂಲಿಗೆ ಸಾಲ ಮಾಡಿದ ಮೇಲೆ.

ಇಂಥ ನಷ್ಟಕ್ಕೆ ಕಾನೂನಿನ ಆಸರೆ ಇಲ್ಲದಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯವೇದಿಕೆಗೆ ಹೋಗಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅದಕ್ಕೆ ಪುರಾವೆ ಬೇಕು: ಅಂಗಡಿಯ ರಸೀದಿ, ಲಾಟ್ ಸಂಖ್ಯೆಯಿರುವ ಖಾಲಿ ಪಾಕೀಟು, ಹಿಡಿ ಬೀಜ. ಬಿತ್ತಿದ ದಿನ ಇವುಗಳನ್ನು ಜೋಪಾನವಾಗಿ ಎತ್ತಿಡಬೇಕು. ಹೊಸ ಹೆಸರನ್ನು ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಷ್ಟೇ ಬಿತ್ತಿ ನೋಡುವುದು, ಹಿರಿಯರು ಬೀಜ ಆರಿಸುತ್ತಿದ್ದ ರೀತಿಗೆ ಹತ್ತಿರವಾದದ್ದು.