ತೆರೆಮರೆಯಲ್ಲಿ ದುಡಿಯುವ ಕ್ರಮವಿಧಿ

ಒಂದರ ಮೇಲೊಂದು ಇಟ್ಟ ಎರಡು ಗೈಗರ್ ನಳಿಗೆಗಳು, ಎರಡರಲ್ಲೂ ಏಕಕಾಲಕ್ಕೆ ಮಿಡಿತ ಕಾಣಿಸಿದಾಗ ಮಾತ್ರ ಎಣಿಸುವ ಒಂದು ಸಣ್ಣ ವಿದ್ಯುನ್ಮಂಡಲ, ಅದಕ್ಕೆ ತಂತಿಯಿಂದ ಜೋಡಿಸಿದ ಒಂದು ಹಳೆಯ ಗಣಕ. ಇಷ್ಟಿದ್ದರೆ ಪದವಿ ಕಾಲೇಜಿನ ಪ್ರಯೋಗಾಲಯದಲ್ಲೂ ವಿಶ್ವಕಿರಣಗಳಿಂದ ಹುಟ್ಟಿ ನೆಲಕ್ಕೆ ಬರುವ ಮ್ಯುಯಾನ್ ಕಣಗಳನ್ನು ಎಣಿಸಬಹುದು. ನಮ್ಮ ತಲೆಯ ಮೇಲಿನ ಗಾಳಿಯ ರಾಶಿ ಹೆಚ್ಚಿದಷ್ಟೂ ನೆಲ ಮುಟ್ಟುವ ಮ್ಯುಯಾನ್‌ಗಳು ಕಡಿಮೆ. ಆದ್ದರಿಂದ ವಾಯುಭಾರ ಏರಿದಾಗ ಎಣಿಕೆ ಇಳಿಯಬೇಕು. ಆದರೆ ಈ ಇಳಿತ ಒಂದು ಹೆಕ್ಟೊಪಾಸ್ಕಲ್‌ಗೆ ಶೇಕಡಾ 0.1ರಿಂದ 0.2ರಷ್ಟು ಮಾತ್ರ. ಎಣಿಕೆಯ ಸಹಜ ಅನಿಶ್ಚಿತತೆ ಅದರ ವರ್ಗಮೂಲದಷ್ಟಿರುವುದರಿಂದ, ಶೇಕಡಾ 0.1ರ ನಿಖರತೆ ಬೇಕೆಂದರೆ ಹತ್ತು ಲಕ್ಷ ಕಣಗಳನ್ನು ಎಣಿಸಬೇಕು. ನಿಮಿಷಕ್ಕೆ 10ರಂತೆ ಬಂದರೆ ಅದಕ್ಕೆ ಸುಮಾರು 70 ದಿನ ಹಿಡಿಯುತ್ತದೆ.

ಈ 70 ದಿನ ಹಗಲೂ ರಾತ್ರಿ ಎಣಿಸುವವರು ಯಾರು? ಎಣಿಸಲು ಒಂದು ಕ್ರಮವಿಧಿ, ಅಂದರೆ ಪ್ರೋಗ್ರಾಮ್, ಇರುತ್ತದೆ. ಪ್ರಾಧ್ಯಾಪಕರೋ ವಿದ್ಯಾರ್ಥಿಯೋ ಗಣಕಕ್ಕೆ ತಮ್ಮ ಗುಪ್ತಪದ ಕೊಟ್ಟು ಒಳಹೋಗುತ್ತಾರೆ, ಮೌಸ್‌ನಿಂದ ಆ ಕ್ರಮವಿಧಿಯನ್ನು ತೆರೆಯುತ್ತಾರೆ, ಗುಂಡಿ ಒತ್ತುತ್ತಾರೆ, ಮನೆಗೆ ಹೋಗುತ್ತಾರೆ. ನಡುರಾತ್ರಿ ಕರೆಂಟು ಹೋಗುತ್ತದೆ. ಅರ್ಧ ಗಂಟೆಯಲ್ಲಿ ಮರಳಿ ಬರುತ್ತದೆ, ಗಣಕವೂ ಎಚ್ಚರಗೊಳ್ಳುತ್ತದೆ ಎಂದೇ ಇಟ್ಟುಕೊಳ್ಳಿ. ಆದರೂ ಅದು ಗುಪ್ತಪದ ಕೇಳುವ ಪರದೆಯ ಮುಂದೆ ನಿಂತುಬಿಡುತ್ತದೆ. ಬೆಳಗ್ಗೆ 10 ಗಂಟೆಗೆ ಯಾರಾದರೂ ಬಂದು ಒಳಹೊಕ್ಕು ಮತ್ತೆ ಗುಂಡಿ ಒತ್ತುವವರೆಗೆ ಎಣಿಕೆ ಇಲ್ಲ.

ಎಂಟು ಗಂಟೆಯ ದತ್ತಾಂಶ ಹೋದರೆ ಇನ್ನೊಂದು ದಿನ ಹೆಚ್ಚು ಎಣಿಸಿದರಾಯಿತು ಎನ್ನಬೇಡಿ. ನಮ್ಮ ಅಕ್ಷಾಂಶಗಳಲ್ಲಿ ವಾಯುಭಾರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಗರಿಷ್ಠ. ನಸುಕಿನಲ್ಲಿ ಮತ್ತು ಸಂಜೆ ಸುಮಾರು 4 ಗಂಟೆಗೆ ಕನಿಷ್ಠ. ಮೇಲೆ ಹೇಳಿದ ರೀತಿಯಲ್ಲಿ ಕಳೆದುಹೋಗುವುದು ಯಾವುದೋ ಗಂಟೆಗಳಲ್ಲ, ನಸುಕಿನ ಕನಿಷ್ಠವಿರುವ ಗಂಟೆಗಳೇ ಮತ್ತೆ ಮತ್ತೆ. ದತ್ತಾಂಶ ಕಡಿಮೆಯಾದರೆ ಅನಿಶ್ಚಿತತೆ ಹೆಚ್ಚುತ್ತದೆ, ಅದನ್ನು ಲೆಕ್ಕ ಹಾಕಬಹುದು. ದತ್ತಾಂಶ ಒಂದು ಕಡೆಗೆ ವಾಲಿದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ.

ತೊಂದರೆಯ ಮೂಲ ಇಷ್ಟೇ: ನಾವು ತೆರೆದ ಕ್ರಮವಿಧಿ ಗಣಕದ್ದಲ್ಲ, ಒಳಹೊಕ್ಕ ವ್ಯಕ್ತಿಯದು. ಅವರು ಬಂದಾಗ ಹುಟ್ಟುತ್ತದೆ, ಹೊರಟಾಗ ಸಾಯುತ್ತದೆ. ನಮಗೆ ಬೇಕಾದುದು ಗಣಕಕ್ಕೇ ಸೇರಿದ, ಯಾರು ಬಂದರೂ ಹೋದರೂ ನಡೆಯುವ ಕ್ರಮವಿಧಿ. ವಿಂಡೋಸ್‌ನಲ್ಲಿ ಇದಕ್ಕೆ ಸರ್ವಿಸ್ ಎನ್ನುತ್ತಾರೆ, ಯೂನಿಕ್ಸ್ ಪರಂಪರೆಯಲ್ಲಿ ಡೀಮನ್. ಈ ಎರಡನೆಯ ಹೆಸರು ಬಂದದ್ದು ಭೌತವಿಜ್ಞಾನದಿಂದ. 1867ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತಮ್ಮ ಮಿತ್ರ ಟೇಟ್‌ಗೆ ಬರೆದ ಪತ್ರದಲ್ಲಿ, ವೇಗದ ಅಣುಗಳನ್ನೂ ನಿಧಾನದ ಅಣುಗಳನ್ನೂ ಬೇರ್ಪಡಿಸುತ್ತ ಬಾಗಿಲಲ್ಲಿ ಕುಳಿತ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿಕೊಂಡರು. 1874ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಅದನ್ನು ಭೂತ ಎಂದು ಕರೆದರು. 1963ರಲ್ಲಿ ಅಮೆರಿಕದ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ, ಐಬಿಎಂ 7094 ಗಣಕದಲ್ಲಿ ಯಾರ ಕಣ್ಣಿಗೂ ಬೀಳದೆ ಎಡೆಬಿಡದೆ ದುಡಿಯುತ್ತಿದ್ದ ಕ್ರಮವಿಧಿಗಳಿಗೆ ಈ ಭೂತದ ಹೆಸರನ್ನೇ ಇಟ್ಟಿತು. ಕರಾವಳಿಯ ಓದುಗರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಅಲ್ಲಿ ಭೂತವೆಂದರೆ ಕಾಯುವ ದೈವವೂ ಹೌದು.

ಸರಿ, ನಮ್ಮ ಎಣಿಕೆಯ ಕ್ರಮವಿಧಿಯನ್ನು ಸರ್ವಿಸ್ ಆಗಿಸುವುದು ಹೇಗೆ? ವಿಂಡೋಸ್‌ನ ಸ್ಟಾರ್ಟ್‌ಅಪ್ ಕಡತಕೋಶದಲ್ಲಿ ಹಾಕಿದರೆ ಸಾಲದು, ಅದು ಕೆಲಸ ಮಾಡುವುದು ಯಾರಾದರೂ ಒಳಹೊಕ್ಕ ಮೇಲೆಯೇ. ಗುಪ್ತಪದ ಕೇಳದಂತೆ ಗಣಕವನ್ನು ಸಜ್ಜುಗೊಳಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಪ್ರಯೋಗಾಲಯಕ್ಕೆ ಬಂದವರೆಲ್ಲರಿಗೂ ಗಣಕ ತೆರೆದ ಮನೆ. ಕ್ರಿಕೆಟ್ ಸ್ಕೋರ್ ನೋಡಲು ಕುಳಿತವರು ಅಡ್ಡಬಂದ ಕಿಟಕಿಯನ್ನು ಮುಚ್ಚಿದರೆ ಎಣಿಕೆ ಮುಗಿಯಿತು.

ವಿಂಡೋಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳಲು ಸರ್ವಿಸ್ ಕಂಟ್ರೋಲ್ ಮ್ಯಾನೇಜರ್ ಎಂಬ ಮೇಲ್ವಿಚಾರಕನಿದ್ದಾನೆ. ಗಣಕ ಶುರುವಾದೊಡನೆ, ಯಾರೂ ಒಳಹೊಗುವ ಮೊದಲೇ, ಅವನು ತನ್ನ ಪಟ್ಟಿಯಲ್ಲಿರುವ ಸರ್ವಿಸ್‌ಗಳನ್ನು ಎಬ್ಬಿಸುತ್ತಾನೆ. ಸಾಮಾನ್ಯ ಕ್ರಮವಿಧಿಯೊಂದನ್ನು ಈ ಪಟ್ಟಿಗೆ ಸೇರಿಸಲು ಅಡ್ಡಿಯಿಲ್ಲ. ಆದರೆ ಅದನ್ನು ಆರಂಭಿಸಿ ನೋಡಿ: 30 ಸೆಕೆಂಡು ಕಾದು, ಸಕಾಲದಲ್ಲಿ ಉತ್ತರ ಬರಲಿಲ್ಲ ಎಂಬ 1053ನೇ ದೋಷಸೂಚನೆ ಬರುತ್ತದೆ. ಕಾರಣ, ಎಬ್ಬಿಸಿದ ಪ್ರತಿ ಸರ್ವಿಸ್ ತನಗೆ ವರದಿ ಕೊಡಬೇಕು, ನಿಲ್ಲು ಎಂದಾಗ ನಿಲ್ಲಬೇಕು ಎಂದು ಮೇಲ್ವಿಚಾರಕ ನಿರೀಕ್ಷಿಸುತ್ತಾನೆ. ಮೇಜಿನ ಮೇಲೆ ತೆರೆಯಲೆಂದು ಬರೆದ ಕ್ರಮವಿಧಿಗೆ ಈ ಭಾಷೆ ಗೊತ್ತಿಲ್ಲ.

ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ವಿಂಡೋಸ್ ಎನ್‌ಟಿ ಕಾಲದಲ್ಲಿ ಮೈಕ್ರೋಸಾಫ್ಟ್ ತನ್ನ ರಿಸೋರ್ಸ್ ಕಿಟ್‌ನಲ್ಲಿ ಎಸ್‌ಆರ್‌ವಿಎನಿ ಎಂಬುದನ್ನು ಕೊಟ್ಟಿತ್ತು. ಅದು ಮೇಲ್ವಿಚಾರಕನಿಗೆ ಉತ್ತರಿಸಿ, ನಿಮ್ಮ ಕ್ರಮವಿಧಿಯನ್ನು ತನ್ನ ಮಗುವಾಗಿ ನಡೆಸುತ್ತದೆ. ಆದರೆ ಮಗು ಸತ್ತರೂ ಅದಕ್ಕೆ ತಿಳಿಯದು. ಸರ್ವಿಸ್ ನಡೆಯುತ್ತಿದೆ ಎಂದೇ ಪಟ್ಟಿ ತೋರಿಸುತ್ತಿರುತ್ತದೆ. ಎಣಿಕೆ ನಿಂತಿದ್ದರೂ ನಡೆಯುತ್ತಿದೆ ಎನ್ನುವ ಸಾಧನಕ್ಕಿಂತ ಸಾಧನವೇ ಇಲ್ಲದಿರುವುದು ಮೇಲು. ಮುಂದೆ ಬಂದ, ಉಚಿತವಾಗಿ ಸಿಗುವ ಎನ್‌ಎಸ್‌ಎಸ್‌ಎಂ ಈ ಕೊರತೆ ನೀಗಿಸಿತು. ಕ್ರಮವಿಧಿ ನಿಂತರೆ ಮತ್ತೆ ಆರಂಭಿಸುತ್ತದೆ, ಅದು ಪರದೆಗೆ ಹೇಳುವ ಮಾತನ್ನು ಕಡತಕ್ಕೆ ಬರೆಯಬಲ್ಲದು. ನನ್ನ ಆಯ್ಕೆ ಇದೇ.

ಹೊರಗಿನ ತಂತ್ರಾಂಶ ಬೇಡವೆನ್ನುವವರು ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಷೆಡ್ಯೂಲರ್ ಬಳಸಬಹುದು. ಗಣಕ ಶುರುವಾದಾಗ ಆರಂಭಿಸು, ಯಾರೂ ಒಳಹೊಕ್ಕಿರದಿದ್ದರೂ ನಡೆಸು ಎಂದು ಆರಿಸಿದರೆ ಕೆಲಸ ಆದಂತೆಯೇ. ಆದರೆ ಅಲ್ಲೊಂದು ಗುಂಡಿಯಿದೆ, ಎಚ್ಚರ: ಮೂರು ದಿನ ಮೀರಿದ ಕೆಲಸವನ್ನು ನಿಲ್ಲಿಸು ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತದೆ. ನಮ್ಮ 70 ದಿನಗಳ ಪ್ರಯೋಗ ನಾಲ್ಕನೆಯ ದಿನ ಸದ್ದಿಲ್ಲದೆ ನಿಲ್ಲುತ್ತದೆ. ಲ್ಯಾಪ್‌ಟಾಪ್ ಆದರೆ, ಬ್ಯಾಟರಿಯಲ್ಲಿದ್ದಾಗ ಆರಂಭಿಸಬೇಡ ಎಂಬ ಇನ್ನೊಂದು ಗುರುತನ್ನೂ ತೆಗೆಯಿರಿ.

ಲಿನಕ್ಸ್‌ನಲ್ಲಿ ಹಾದಿ ಚಿಕ್ಕದು. 2010ರಲ್ಲಿ ಬಂದು ಈಗ ಬಹುತೇಕ ಎಲ್ಲ ಪ್ರಮುಖ ಲಿನಕ್ಸ್ ಬಗೆಗಳಲ್ಲಿ ಇರುವ ಸಿಸ್ಟಮ್‌ಡಿಗೆ ದುಭಾಷಿ ಬೇಕಿಲ್ಲ. ಹತ್ತು ಸಾಲಿನ ಒಂದು ಕಡತದಲ್ಲಿ ಯಾವ ಕ್ರಮವಿಧಿ, ಯಾವ ಕಡತಕೋಶ, ಯಾರ ಹೆಸರಿನಲ್ಲಿ, ನಿಂತರೆ ಏನು ಮಾಡಬೇಕು ಎಂದು ಬರೆದು ಸಕ್ರಿಯಗೊಳಿಸಿದರೆ ಸಾಕು.

ತೆರೆಮರೆಗೆ ಸರಿದ ಕ್ರಮವಿಧಿಯ ಲೋಕವೇ ಬೇರೆ ಎಂಬುದನ್ನು ಮರೆಯಬೇಡಿ. ಮೊದಲನೆಯದಾಗಿ ಅದಕ್ಕೆ ಪರದೆ ಇಲ್ಲ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಈಚೆಗೆ ವಿಂಡೋಸ್ ಸರ್ವಿಸ್‌ಗಳನ್ನು ಸೊನ್ನೆಯ ಸಂಖ್ಯೆಯ ಪ್ರತ್ಯೇಕ ಅಧಿವೇಶನದಲ್ಲಿ ಇಟ್ಟಿದೆ. ಇದು ಭದ್ರತೆಗಾಗಿ ಹಾಕಿದ ಗೋಡೆ. ಅಲ್ಲಿ ನಿಮ್ಮ ಕ್ರಮವಿಧಿ 'ಸರಿಯೇ?' ಎಂಬ ಪುಟ್ಟ ಕಿಟಕಿ ತೆರೆದರೆ ಅದನ್ನು ಯಾರೂ ನೋಡಲಾರರು, ಅದು ಉತ್ತರಕ್ಕಾಗಿ ಕೊನೆಯಿಲ್ಲದೆ ಕಾಯುತ್ತದೆ. ಗುಂಡಿ ಒತ್ತಿದರೆ ಮಾತ್ರ ಎಣಿಸುವ ಕ್ರಮವಿಧಿಗೆ ಯಾವ ದುಭಾಷಿಯೂ ಸಹಾಯ ಮಾಡಲಾರ. ಸೂಚನೆಗಳನ್ನು ಕಡತದಿಂದ ಓದುವಂತೆ ಅದನ್ನು ತಿದ್ದಬೇಕು.

ಕಡತಗಳ ವಿಳಾಸವನ್ನೂ ಪೂರ್ತಿಯಾಗಿ ಬರೆಯಿರಿ. ಬರಿಯ ಹೆಸರು ಕೊಟ್ಟರೆ ನಿಮ್ಮ ದತ್ತಾಂಶ ವಿಂಡೋಸ್‌ನ ಸಿಸ್ಟಮ್32 ಕಡತಕೋಶಕ್ಕೆ ಹೋಗಿ ಕೂರಬಹುದು. ನೀವು ನಿಮ್ಮ ಹೆಸರಿನಲ್ಲಿ ಜೋಡಿಸಿಕೊಂಡ ಜಾಲದ ಡ್ರೈವ್ ಸರ್ವಿಸ್‌ಗೆ ಕಾಣುವುದೂ ಇಲ್ಲ. ಇನ್ನು ಯಾರ ಹೆಸರಿನಲ್ಲಿ ನಡೆಸಬೇಕು? ಲೋಕಲ್‌ಸಿಸ್ಟಮ್ ಎಂಬ ಖಾತೆ ಸುಲಭ, ಆದರೆ ಅದಕ್ಕೆ ಗಣಕದ ಮೇಲೆ ಹೆಚ್ಚುಕಡಿಮೆ ಪೂರ್ಣ ಅಧಿಕಾರವಿದೆ. ಕಣ ಎಣಿಸುವ ಕೆಲಸಕ್ಕೆ ಅಷ್ಟು ಅಧಿಕಾರ ಏಕೆ? ದತ್ತಾಂಶದ ಕಡತಕೋಶದಲ್ಲಿ ಮಾತ್ರ ಬರೆಯಬಲ್ಲ ಪ್ರತ್ಯೇಕ ಖಾತೆಯೊಂದನ್ನು ತೆರೆಯಿರಿ.

ಭೌತವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕಾದ ಒಂದು ಅಂಶವಿದೆ. ಯಾರೂ ನೋಡದ ಕ್ರಮವಿಧಿ ತನ್ನ ಇರವನ್ನು ತಾನೇ ದಾಖಲಿಸಬೇಕು. ಒಂದು ನಿಮಿಷದಲ್ಲಿ ಒಂದೂ ಕಣ ಬಾರದಿದ್ದರೆ ಸೊನ್ನೆ ಎಂದು ಬರೆಯಲಿ. ಸೊನ್ನೆಯೆಂದರೆ ಅಳೆದೆವು, ಏನೂ ಬರಲಿಲ್ಲ ಎಂದರ್ಥ. ಸಾಲೇ ಇಲ್ಲದಿದ್ದರೆ ಅಳೆಯಲೇ ಇಲ್ಲ ಎಂದರ್ಥ. ಎರಡನ್ನೂ ಒಂದೇ ಎಂದು ಸರಾಸರಿಗೆ ಸೇರಿಸಿದರೆ ಫಲಿತಾಂಶ ಕೆಡುತ್ತದೆ. ಪ್ರತಿ ನಿಮಿಷದ ಸಾಲನ್ನು ಆಗಲೇ ಡಿಸ್ಕಿಗೆ ಸೇರಿಸಿಬಿಡುವಂತೆಯೂ ಕ್ರಮವಿಧಿ ಬರೆಯಿರಿ. ಸ್ಮೃತಿಯಲ್ಲಿ ಕೂಡಿಟ್ಟುಕೊಂಡದ್ದು ಕರೆಂಟಿನೊಂದಿಗೆ ಹೋಗುತ್ತದೆ.

ಕೊನೆಗೆ ಪರೀಕ್ಷೆ. ಗಣಕದ ಬಯಾಸ್‌ನಲ್ಲಿ, ವಿದ್ಯುತ್ ಮರಳಿದಾಗ ತಾನಾಗಿ ಶುರುವಾಗು ಎಂಬ ಆಯ್ಕೆಯನ್ನು ಮೊದಲು ಸರಿಪಡಿಸಿ. ನಿದ್ರಾಸ್ಥಿತಿಗೆ ಜಾರದಂತೆಯೂ ನೋಡಿಕೊಳ್ಳಿ. ಗಣಕವನ್ನು ಸಕ್ರಮವಾಗಿ ನಿಲ್ಲಿಸಿ, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿ. ತಾನಾಗಿ ಏಳದಿದ್ದರೆ ಗುಂಡಿ ಒತ್ತಿ ಎಬ್ಬಿಸಿ. ಕೆಲವು ಗಣಕಗಳು ಸಕ್ರಮವಾಗಿ ನಿಂತಿದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಹತ್ತು ನಿಮಿಷ ಅದನ್ನು ಮುಟ್ಟದೆ ಸುಮ್ಮನಿರಿ. ಆಮೇಲೆ ಒಳಹೊಕ್ಕು, ನೀವಿಲ್ಲದಿದ್ದ ಆ ಹತ್ತು ನಿಮಿಷಗಳ ಸಾಲುಗಳು ಕಡತದಲ್ಲಿವೆಯೇ ನೋಡಿ. ಟಾಸ್ಕ್ ಮ್ಯಾನೇಜರ್‌ನಿಂದ ಕ್ರಮವಿಧಿಯನ್ನು ಬೇಕೆಂದೇ ಕೊಂದು, ಅದು ಮರಳಿ ಎದ್ದುಬರುವುದನ್ನೂ ಖಚಿತಪಡಿಸಿಕೊಳ್ಳಿ. ಇಷ್ಟಾದ ಮೇಲೆ ಗಣಕದ ಮೇಲೊಂದು ಚೀಟಿ ಅಂಟಿಸಿ: ಪರದೆ ಖಾಲಿಯಿದ್ದರೂ ಇದು ಎಣಿಸುತ್ತಿದೆ, ಸ್ವಿಚ್ ಆರಿಸಬೇಡಿ. ಸಂಜೆ ಬೀಗ ಹಾಕುವ ಅಟೆಂಡರಿಗೆ ಸರ್ವಿಸ್ ಕಣ್ಣಿಗೆ ಕಾಣುವುದಿಲ್ಲ.