ಮೇವಿನೊಳಗಣ ಹಾರ್ಮೋನೂ ಎಳೆಯ ಮೂಳೆಯೂ

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುರಿ ಸಾಕುವವರಿಗೆ ಒಂದು ವಿಚಿತ್ರವಾದ ಕಷ್ಟ ಒದಗಿತು. ಹುಲ್ಲುಗಾವಲು ಸಮೃದ್ಧವಾಗಿತ್ತು, ಕುರಿಗಳು ಮೈತುಂಬಿಕೊಂಡಿದ್ದವು, ಆದರೆ ಅವು ಗಬ್ಬವಾಗುತ್ತಿರಲಿಲ್ಲ. ಬೀಜ ಒಡೆಸಿದ ಟಗರುಗಳ ಮೊಲೆಗಳಲ್ಲಿ ಸಹ ಹಾಲಿನಂಥ ದ್ರವ ಕಾಣಿಸಿಕೊಂಡಿತು. 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್ ಮತ್ತು ಷಿಯರ್ ಎಂಬ ಮೂವರು ಸಂಶೋಧಕರು ಈ ತೊಂದರೆಯನ್ನು ವರ್ಣಿಸಿ, ಕುರಿಗಳು ಮೇಯುತ್ತಿದ್ದ ಕ್ಲೋವರ್ ಎಂಬ ಮೇವಿನ ಗಿಡಕ್ಕೂ ಅದಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಅಂಡಾಶಯವು ಮಾಡಬೇಕಾದ ಕೆಲಸಕ್ಕೆ ಹುಲ್ಲುಗಾವಲಿನ ಗಿಡವೊಂದು ಕೈಹಾಕಿತ್ತು!

ಆ ಗಿಡದಲ್ಲಿರುವ ಫಾರ್ಮೊನೊನೆಟಿನ್ ಎಂಬ ವಸ್ತುವನ್ನು ಕುರಿಯ ಹೊಟ್ಟೆಯಲ್ಲಿರುವ ಅಣುಜೀವಿಗಳು ಈಕ್ವಾಲ್ ಎಂಬ ಮತ್ತೊಂದು ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಇದು ಈಸ್ಟ್ರೊಜನ್ ಎಂಬ ಸ್ತ್ರೀಹಾರ್ಮೋನನ್ನು ಅನುಕರಿಸುತ್ತದೆ. ಸೋಯಾ ಅವರೆಯಲ್ಲಿರುವ ಜೆನಿಸ್ಟೀನ್ ಮತ್ತು ಡೈಡ್ಜೀನ್‌ಗಳೂ ಇದೇ ಬಳಗಕ್ಕೆ ಸೇರಿದವು. ಇವನ್ನೆಲ್ಲ ಸಸ್ಯ ಈಸ್ಟ್ರೊಜನ್‌ಗಳೆಂದು ಕರೆಯುವುದುಂಟು.

ಈಸ್ಟ್ರೊಜನ್ನಿನ ಅಧಿಕಾರ ಗರ್ಭಕೋಶಕ್ಕೆ ಮಾತ್ರ ಸೀಮಿತವಾದುದಲ್ಲ. ಮೂಳೆಯೂ ಅದರ ಆಳಿಕೆಗೆ ಒಳಪಟ್ಟಿದೆ. ಹಾಗಾದರೆ ಇಂಥ ಆಹಾರವನ್ನು ತಿಂದು ಬೆಳೆಯುವ ಮರಿಯ ಮೂಳೆಯ ಗತಿಯೇನು?

ಮೊದಲು ಮೂಳೆ ಬೆಳೆಯುವ ಬಗೆಯನ್ನು ನೋಡೋಣ. ಮರಿಯ ಕಾಲೆಲುಬಿನ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಬಿಲ್ಲೆಯೊಂದಿರುತ್ತದೆ. ಮೂಗಿನ ತುದಿಯನ್ನು ಒತ್ತಿ ನೋಡಿದರೆ ಮೃದ್ವಸ್ಥಿ ಎಂತಹುದೆಂಬುದು ವಾಚಕರಿಗೆ ತಿಳಿಯುವುದು. ಈ ಬಿಲ್ಲೆಯ ಜೀವಕೋಶಗಳು ಒಡೆದು ಹೆಚ್ಚುತ್ತವೆ, ಉಬ್ಬುತ್ತವೆ. ಹಿಂದಿನಿಂದ ಅವುಗಳ ಸ್ಥಳವನ್ನು ಗಟ್ಟಿ ಮೂಳೆ ಆಕ್ರಮಿಸುತ್ತ ಬರುತ್ತದೆ. ಹೀಗೆ ಎಲುಬು ಉದ್ದವಾಗುತ್ತದೆ. ಮನುಷ್ಯರಲ್ಲಿ ಯೌವನ ಬಂದಾಗ ಈಸ್ಟ್ರೊಜನ್ ಮೊದಲು ಈ ಬೆಳವಣಿಗೆಯನ್ನು ಚುರುಕುಗೊಳಿಸಿ, ಕಡೆಗೆ ಬಿಲ್ಲೆಯನ್ನೇ ಮೂಳೆಯಾಗಿಸಿ ಬೆಳವಣಿಗೆಯನ್ನು ಮುಗಿಸುತ್ತದೆ. ಅಲ್ಲದೆ, ಕಟ್ಟಿದ ಮೂಳೆ ಕರಗಿಹೋಗದಂತೆಯೂ ತಡೆಯುತ್ತದೆ.

ಗಂಡಸರಿಗೂ ಇದೇ ನಿಯಮವೆಂಬುದು 1994ರಲ್ಲಿ ಸ್ಪಷ್ಟವಾಯಿತು. ಆ ವರ್ಷ ವರದಿಯಾದ 28 ವರ್ಷದ ಪುರುಷನೊಬ್ಬನ ಜೀವಕೋಶಗಳು ಜನ್ಮದಿಂದಲೇ ಈಸ್ಟ್ರೊಜನ್ನಿಗೆ ಕಿವುಡಾಗಿದ್ದವು. ಅವನ ಎತ್ತರ 204 ಸೆಂಟಿಮೀಟರು. ಬಿಲ್ಲೆಗಳು ಇನ್ನೂ ಮುಚ್ಚಿರಲಿಲ್ಲ. ಮೂಳೆಗಳು ಮಾತ್ರ ಸಾರ ಕಳೆದುಕೊಂಡಿದ್ದವು. ಎಲುಬು ಉದ್ದವಾಗುವುದು ಬೇರೆ, ಗಟ್ಟಿಯಾಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಹಾರ್ಮೋನನ್ನು ಬೀಗದಕೈಗೆ ಹೋಲಿಸಿದರೆ, ಅದನ್ನು ಸ್ವೀಕರಿಸುವ ಗ್ರಾಹಕವನ್ನು ಬೀಗಕ್ಕೆ ಹೋಲಿಸಬಹುದು. ಸಸ್ಯ ಈಸ್ಟ್ರೊಜನ್ ಸಡಿಲವಾದ ಕಳ್ಳಕೈ; ಒಂದೊಂದರ ಬಲ ಅಲ್ಪ. ಆದರೆ ಆಹಾರದಲ್ಲಿ ಅದರ ಸಂಖ್ಯೆ ಅಪಾರ. 1996ರಲ್ಲಿ ಈಸ್ಟ್ರೊಜನ್ನಿಗೆ ಎರಡನೆಯ ಬಗೆಯ ಗ್ರಾಹಕವೂ ಇರುವುದು ಬೆಳಕಿಗೆ ಬಂತು. ಜೆನಿಸ್ಟೀನ್ ಮೊದಲನೆಯದಕ್ಕಿಂತ ಈ ಎರಡನೆಯದಕ್ಕೇ ಚೆನ್ನಾಗಿ ಹೊಂದಿಕೊಳ್ಳುತ್ತದೆಂದು ಬಳಿಕ ತಿಳಿಯಿತು.

ಇನ್ನು ಪ್ರಯೋಗಗಳ ವಿಷಯ. ಹುಟ್ಟಿದ ಮೊದಲ 5 ದಿನ ಮಾತ್ರ ಇಲಿಮರಿಗಳಿಗೆ ಜೆನಿಸ್ಟೀನ್ ಮತ್ತು ಡೈಡ್ಜೀನ್‌ಗಳನ್ನು ಚುಚ್ಚಿ, ಅನಂತರ ಸಾಮಾನ್ಯವಾಗಿ ಬೆಳೆಸಲಾಯಿತು. 4 ತಿಂಗಳ ಬಳಿಕ ಪರೀಕ್ಷಿಸಿದಾಗ ಹೆಣ್ಣಿಲಿಗಳ ಬೆನ್ನೆಲುಬು ಹೆಚ್ಚು ಸಾಂದ್ರವಾಗಿಯೂ ಮುರಿಯದಂತೆ ಹೆಚ್ಚು ಗಟ್ಟಿಯಾಗಿಯೂ ಇತ್ತು. ಗಂಡುಗಳಲ್ಲಿ ಪರಿಣಾಮ ಕಡಿಮೆ. ಐದೇ ದಿನಗಳ ಸಂಸ್ಕಾರ ಪ್ರಾಯದವರೆಗೂ ಉಳಿಯಿತು. ಆದರೆ ಲಾಭವನ್ನಷ್ಟೇ ಎಣಿಸಿದರೆ ಲೆಕ್ಕ ಮುಗಿಯದು. ಇದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದ ಜೆನಿಸ್ಟೀನನ್ನು ಅದೇ ವಯಸ್ಸಿನಲ್ಲಿ ಚುಚ್ಚಿದ ಹೆಣ್ಣಿಲಿಗಳು ಬಂಜೆಯಾದುದೂ ಉಂಟು. ಆಸ್ಟ್ರೇಲಿಯದ ಕುರಿಗಳ ಪಾಡೇ ಇವಕ್ಕೂ ಬಂದಿತು.

ಈ ಫಲಿತಾಂಶಗಳನ್ನು ಮನುಷ್ಯನ ಕೂಸಿಗೆ ನೇರವಾಗಿ ಅನ್ವಯಿಸಲಾಗದು. ಇಲಿಗಳಲ್ಲಿ ಯೌವನ ಕಳೆದರೂ ಬೆಳವಣಿಗೆಯ ಬಿಲ್ಲೆ ಪೂರ್ಣವಾಗಿ ಮುಚ್ಚುವುದಿಲ್ಲ. ಚುಚ್ಚಿದ ವಸ್ತುವಿಗೂ ಉಂಡ ವಸ್ತುವಿಗೂ ಅಂತರವಿದೆ. ಎಲ್ಲ ಮನುಷ್ಯರ ಕರುಳಿನಲ್ಲಿಯೂ ಈಕ್ವಾಲನ್ನು ತಯಾರಿಸುವ ಅಣುಜೀವಿಗಳಿಲ್ಲ. ಪ್ರಯೋಗಶಾಲೆಯ ಪ್ರಾಣಿಗಳ ನಿತ್ಯದ ಆಹಾರದಲ್ಲಿಯೇ ಅನೇಕ ವೇಳೆ ಸೋಯಾ ಇರುವುದು ಇನ್ನೊಂದು ತೊಡಕು. ಅದನ್ನು ಹೊರಗಿಡದಿದ್ದರೆ, ಹೋಲಿಕೆಗಾಗಿ ಬೇರೆ ಇರಿಸಿದ ಪ್ರಾಣಿಗಳೂ ಅದೇ ಮದ್ದನ್ನು ತಿಂದಂತಾಗುತ್ತದೆ!

ಸೋಯಾದಿಂದ ತಯಾರಿಸಿದ ಶಿಶು ಆಹಾರವನ್ನು ಕುರಿತು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ ಪ್ರಕಟಿಸಿದ ವರದಿಯು, ದಿನ ತುಂಬಿ ಹುಟ್ಟಿದ ಕೂಸುಗಳು ಅದರಿಂದ ಸಹಜವಾಗಿ ಬೆಳೆಯುತ್ತವೆಂದು ಹೇಳಿತು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅದು ತಕ್ಕುದಲ್ಲವೆಂದೂ ಎಚ್ಚರಿಸಿತು. ಅಂಥ ಕೂಸಿನ ಮೂಳೆ ಖನಿಜ ಸಾಲದೆ ಸೊರಗುವ ಭಯವಿದೆ; ಸೋಯಾದಲ್ಲಿರುವ ಫೈಟೇಟ್ ಎಂಬ ವಸ್ತು, ಮೂಳೆಗೆ ಬೇಕಾದ ರಂಜಕವು ರಕ್ತಕ್ಕೆ ಸೇರದಂತೆ ಹಿಡಿದಿಡುತ್ತದೆ. ಇಲ್ಲಿ ಅಪರಾಧಿ ಹಾರ್ಮೋನಲ್ಲ.

ಆದುದರಿಂದ ಸಸ್ಯ ಈಸ್ಟ್ರೊಜನ್ ಮೂಳೆಗೆ ಅಮೃತವೋ ವಿಷವೋ ಎಂದು ಕೇಳುವುದು ಸರಿಯಾದ ಪ್ರಶ್ನೆಯಲ್ಲ. ಯಾವ ಪ್ರಾಣಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಎಂದು ಕೇಳಬೇಕು. ಆಗ ಮಾತ್ರ ಪ್ರಕೃತಿ ಉತ್ತರ ಕೊಡುವುದು.