ಅಟ್ಟದ ಮೇಲಿನ ಕೋವಿ: ಅದರ ಕಾಗದಪತ್ರವನ್ನು ಠಾಣೆಗೆ ಕೊಡುವುದು ಹೇಗೆ?



ಸಂಘದ ಸಭೆಗಳಲ್ಲಿ ನಾವು ಉಳಿತಾಯ, ಸಾಲ, ಪಾಸ್‌ಪುಸ್ತಕ, ರೇಷನ್ ಕಾರ್ಡು ಇವುಗಳ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ಮನೆಯಲ್ಲಿರುವ ಕೋವಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. "ಅದು ಗಂಡಸರ ವಿಷಯ" ಎಂದು ಬಿಟ್ಟುಬಿಡುತ್ತೇವೆ. ಮಲೆನಾಡು, ಕರಾವಳಿ, ಕೊಡಗಿನ ಕಡೆ ಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿ ಇರುವ ಮನೆಗಳು ಬಹಳ. ಆ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತಿರುವುದು ಮಾತ್ರ ಅಪರೂಪ.

ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ಸದಸ್ಯೆ ಹಿಂದೆ ಉಳಿದರು. "ಸಿಸ್ಟರ್, ಒಂದು ವಿಷಯ ಕೇಳ್ಬೇಕಿತ್ತು. ನಮ್ಮನೆಯವರು ತೀರಿಹೋಗಿ ಎಂಟು ತಿಂಗಳಾಯ್ತು. ಕೋವಿ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದೆ. ಮೈದುನ ತನಗೆ ಕೊಡಿ ಅಂತಾರೆ. ನಮ್ಮಣ್ಣ ಹಾಳುಬಾವಿಗೆ ಹಾಕಿಬಿಡು ಅಂತಾನೆ. ನಂಗೆ ರಾತ್ರಿ ನಿದ್ದೆ ಬರೋದಿಲ್ಲ" ಎಂದರು.

ಲೈಸೆನ್ಸ್ ಪುಸ್ತಕ ಎಲ್ಲಿ ಎಂದು ಕೇಳಿದೆ. "ಪರಿಚಯದವರೊಬ್ಬರು ಹೆಸರು ಬದಲಾಯಿಸಿ ಕೊಡ್ತೀನಿ ಅಂತ ತಕ್ಕೊಂಡು ಹೋದ್ರು. ಈಗ ಕೇಳಿದ್ರೆ ಆಫೀಸಿಗೆ ಕೊಟ್ಟಾಗಿದೆ ಅಂತಾರೆ. ಆಫೀಸಲ್ಲಿ ಬಂದೇ ಇಲ್ಲ ಅಂತಾರೆ." ರಶೀದಿ ಇದೆಯಾ? ಇಲ್ಲ. ಜೆರಾಕ್ಸ್ ಆದರೂ? ಅದೂ ಇಲ್ಲ.

ಈ ಸಹೋದರಿ ಬೇಕೆಂದು ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಕಾಗದದ ಲೆಕ್ಕದಲ್ಲಿ ಅವರ ಮನೆಯಲ್ಲಿದ್ದದ್ದು ಲೈಸೆನ್ಸ್ ಇಲ್ಲದ ಕೋವಿ. ಇಂಥ ಪರಿಸ್ಥಿತಿ ನಮ್ಮಲ್ಲಿ ಯಾರಿಗೂ ಬರಬಾರದು. ಅದಕ್ಕಾಗಿ ಈ ಲೇಖನ.

ಕಾನೂನು ಏನು ಹೇಳುತ್ತದೆ?

ಕೋವಿಗೆ ಸಂಬಂಧಿಸಿದ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಕೆಳಗೆ 2016ರ ನಿಯಮಗಳಿವೆ. 2019ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ನಾವು ನೆನಪಿಡಬೇಕಾದ್ದು ಇಷ್ಟು:

1. ಲೈಸೆನ್ಸ್ ಕೊಡುವುದು ವ್ಯಕ್ತಿಗೆ, ಮನೆಗಲ್ಲ. ಗಂಡ ತೀರಿಕೊಂಡರೆ ಹೊಲ, ಮನೆಯ ಹಾಗೆ ಕೋವಿ ತನ್ನಷ್ಟಕ್ಕೆ ಹೆಂಡತಿ ಮಕ್ಕಳ ಕೈಗೆ ಬರುವುದಿಲ್ಲ.

2. ಲೈಸೆನ್ಸ್ ಅವಧಿ ಮೊದಲು 3 ವರ್ಷ ಇತ್ತು. 2019ರ ತಿದ್ದುಪಡಿಯ ನಂತರ 5 ವರ್ಷ. ಅವಧಿ ಮುಗಿದ ಮೇಲೆ ಕೋವಿ ಇಟ್ಟುಕೊಂಡರೆ ಅದು ಲೈಸೆನ್ಸ್ ಇಲ್ಲದ ಕೋವಿಯೇ.

3. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ 2 ವರ್ಷದಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

4. ಯಾವುದೇ ಕಾರಣದಿಂದ ಕೋವಿ ಇಟ್ಟುಕೊಳ್ಳುವ ಹಕ್ಕು ಮುಗಿದರೆ, ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಅದನ್ನು ಠೇವಣಿ ಇಡಬೇಕು. ಇದು ಕಾಯ್ದೆಯ 21ನೇ ಕಲಂ.

"ಠಾಣೆಗೆ ಕೊಟ್ಟರೆ ಕೋವಿ ಹೋಯ್ತು" ಎಂದು ಹಲವರು ಹೆದರುತ್ತಾರೆ. ಹಾಗಲ್ಲ. ಅದೇ 21ನೇ ಕಲಮಿನ ಪ್ರಕಾರ, ತೀರಿಹೋದವರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಆದ ಮೇಲೆ ಕೋವಿಯನ್ನು ವಾಪಸ್ ಪಡೆಯಬಹುದು. ಬೇಡವಾದರೆ ಅರ್ಹರಿಗೆ ಮಾರಬಹುದು. ನಿಗದಿತ ಅವಧಿಯೊಳಗೆ ಯಾರೂ ಕೇಳದೇ ಹೋದರೆ ಮಾತ್ರ ಅದನ್ನು ಸರ್ಕಾರಕ್ಕೆ ವಶಪಡಿಸಿಕೊಳ್ಳಬಹುದು. ಆದ್ದರಿಂದ ಠೇವಣಿ ಇಟ್ಟು ಮರೆತುಬಿಡಬೇಡಿ.

ಕೊಡಗಿನ ಸಹೋದರಿಯರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಆದರೆ ವಿನಾಯಿತಿ ಪತ್ರ ಎಂಬ ಕಾಗದ ಅವರಿಗೂ ಬೇಕು. ಅದನ್ನೂ ಲೈಸೆನ್ಸಿನಷ್ಟೇ ಜೋಪಾನ ಮಾಡಬೇಕು.

ಮೊದಲು ಪತ್ರ, ಆಮೇಲೆ ಕೋವಿ

ಮನೆಯವರು ತೀರಿಕೊಂಡಾಗ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ತಕ್ಕೊಂಡು ಹೋಗ್ಬೇಡಿ. ನಿಮಗೆ ಲೈಸೆನ್ಸ್ ಇಲ್ಲ, ದಾರಿಯಲ್ಲಿ ಯಾರಾದರೂ ತಡೆದರೆ ತೊಂದರೆ. ಅದಕ್ಕಿಂತ ದೊಡ್ಡ ವಿಷಯ, ಕೋವಿ ಈಡಾಗಿಯೇ ಇರಬಹುದು. ಕೇಪಿನ ಕೋವಿಯಲ್ಲಿ ತುಂಬಿದ ಮಸಿ, ಚರೆ ಹೊರಗೆ ಕಾಣುವುದಿಲ್ಲ. ವರ್ಷಗಟ್ಟಲೆ ಮುಟ್ಟದೆ ಇದ್ದರೂ ಸಿಡಿಯಬಹುದು.

ಆದ್ದರಿಂದ ನಳಿಗೆಯೊಳಗೆ ಇಣುಕಬೇಡಿ. ಕುದುರೆ ಎಳೆದು ನೋಡಬೇಡಿ. ಕ್ಲೀನ್ ಮಾಡಲು ಹೋಗಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಸಿ, ತೋಟಾ ಇಟ್ಟಿದ್ದರೆ ಅಲ್ಲಿ ಬೆಂಕಿ ಹಚ್ಚುವುದನ್ನು ನಿಲ್ಲಿಸಿ. ಕೋವಿ ಇರುವ ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ದೂರ ಇಡಿ.

ನಂತರ ಠಾಣೆಗೆ ಒಂದು ಪತ್ರ ಬರೆಯಿರಿ. ಹೀಗೆ ಬರೆದರೆ ಸಾಕು:

"ಮಾನ್ಯ ಠಾಣಾಧಿಕಾರಿಗಳಿಗೆ,
ನನ್ನ ಪತಿ (ಹೆಸರು) ಇವರು (ದಿನಾಂಕ) ರಂದು ಮರಣ ಹೊಂದಿರುತ್ತಾರೆ. ಅವರ ಹೆಸರಿನಲ್ಲಿ (ಲೈಸೆನ್ಸ್ ಸಂಖ್ಯೆ) ಲೈಸೆನ್ಸಿನ ಮೇಲೆ (ಒಂಟಿ ನಳಿಗೆ / ಜೋಡಿ ನಳಿಗೆ / ಕೇಪಿನ) ಕೋವಿ ಒಂದು ಇರುತ್ತದೆ. ಕೋವಿಯ ನಂಬರ್ (....). ಉಳಿದ ತೋಟಾ (....). ಕೋವಿ ಈಡಾಗಿದೆಯೋ ಇಲ್ಲವೋ ನನಗೆ ತಿಳಿದಿಲ್ಲ. ಇವುಗಳನ್ನು ಠೇವಣಿ ಇಡಲು ನಾನು ಸಿದ್ಧಳಿದ್ದೇನೆ. ಸುರಕ್ಷಿತವಾಗಿ ತಲುಪಿಸುವ ಕ್ರಮವನ್ನು ತಿಳಿಸಬೇಕಾಗಿ ಅಥವಾ ಸಿಬ್ಬಂದಿಯನ್ನು ಕಳುಹಿಸಬೇಕಾಗಿ ಕೋರುತ್ತೇನೆ."

ಕೆಳಗೆ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ದಿನಾಂಕ. ಜೊತೆಗೆ ಮರಣ ಪ್ರಮಾಣಪತ್ರದ ಜೆರಾಕ್ಸ್ ಮತ್ತು ಲೈಸೆನ್ಸಿನ ಜೆರಾಕ್ಸ್. ಮರಣ ಪ್ರಮಾಣಪತ್ರ ಕೈಗೆ ಬರಲಿ ಎಂದು ತಿಂಗಳುಗಟ್ಟಲೆ ಕಾಯಬೇಡಿ. ಪತ್ರ ಮೊದಲು ಕೊಡಿ, ಅದನ್ನು ಆಮೇಲೆ ಸೇರಿಸಿ.

ರಶೀದಿ ಇಲ್ಲದೆ ಒಂದು ಹಾಳೆಯನ್ನೂ ಕೊಡಬೇಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಾವು ಸಂಘದಲ್ಲಿ ಹತ್ತು ರೂಪಾಯಿ ಕಟ್ಟಿದರೂ ಪುಸ್ತಕದಲ್ಲಿ ಬರೆಸುತ್ತೇವೆ. ಕೋವಿಯ ಕಾಗದಕ್ಕೂ ಅದೇ ಶಿಸ್ತು ಬೇಕು.

* ಪ್ರತಿ ಅರ್ಜಿಯನ್ನೂ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಪಡೆದವರ ಸಹಿ ಹಾಕಿಸಿ ಮನೆಗೆ ತನ್ನಿ.

* ಕೋವಿ ಠೇವಣಿ ಇಟ್ಟಾಗ ರಶೀದಿಯಲ್ಲಿ ಕೋವಿಯ ನಂಬರ್, ಯಾವ ತರಹದ ಕೋವಿ, ತೋಟಾ ಎಷ್ಟು, ಕೋವಿ ಯಾವ ಸ್ಥಿತಿಯಲ್ಲಿದೆ ಎಂದು ಬರೆದಿರಬೇಕು. ಅಲ್ಲೇ ಓದಿಸಿ ಕೇಳಿ, ಆಮೇಲೆ ಎದ್ದು ಬನ್ನಿ.

* ಲೈಸೆನ್ಸ್ ಪುಸ್ತಕದ ಎಲ್ಲಾ ಪುಟಗಳ ಜೆರಾಕ್ಸ್ ಇಂದೇ ಮಾಡಿಸಿ. ಅದರಲ್ಲಿ ಯು.ಐ.ಎನ್. ಎಂಬ ಗುರುತಿನ ಸಂಖ್ಯೆ ಇದೆಯೇ ನೋಡಿ. ದೇಶದ ಎಲ್ಲಾ ಲೈಸೆನ್ಸುಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಕೊಟ್ಟ ಸಂಖ್ಯೆ ಅದು. ಅದಿಲ್ಲದ ಹಳೆ ಲೈಸೆನ್ಸು ಈಗ ನಡೆಯುವುದಿಲ್ಲ.

* ಮೂಲ ಲೈಸೆನ್ಸನ್ನು ಮಧ್ಯವರ್ತಿಗಳ ಕೈಗೆ ಕೊಡಬೇಡಿ. ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಶುಲ್ಕ ಕಟ್ಟಿದರೆ ಚಲನ್ ಇಟ್ಟುಕೊಳ್ಳಿ.

* ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ "ಕೋವಿ ಲೈಸೆನ್ಸ್ ಅರ್ಜಿಗೆ ಮಾತ್ರ" ಎಂದು ಬರೆದು ದಿನಾಂಕ, ಸಹಿ ಹಾಕಿ. ಬೇರೆ ಕೆಲಸಕ್ಕೆ ಬಳಸಲು ಕಷ್ಟವಾಗುತ್ತದೆ.

* ಅರ್ಜಿ ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಮೊದಲಿದ್ದ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ.

ಠಾಣೆಗೆ ಹಗಲಲ್ಲಿ ಹೋಗಿ. ಸಂಘದ ಇಬ್ಬರು ಸದಸ್ಯರನ್ನು ಜೊತೆಗೆ ಕರೆದುಕೊಳ್ಳಿ.

ಲೈಸೆನ್ಸ್ ನಿಮ್ಮ ಹೆಸರಿಗೆ ಬೇಕೆಂದರೆ

ತೋಟ ನೋಡಿಕೊಳ್ಳುವವರು ನೀವೇ ಆಗಿದ್ದರೆ ನೀವೂ ಅರ್ಜಿ ಹಾಕಬಹುದು. ಹೆಂಗಸರಿಗೆ ಕೊಡುವುದಿಲ್ಲ ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. 21 ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ಮಂಗಳೂರು, ಮೈಸೂರಿನಂಥ ಪೊಲೀಸ್ ಕಮಿಷನರ್ ಇರುವ ನಗರಗಳಲ್ಲಿ ಕಮಿಷನರ್. ಠಾಣೆಯವರು ವಿಚಾರಣೆ ಮಾಡಿ ವರದಿ ಕಳಿಸುತ್ತಾರೆ, ಅಷ್ಟೇ.

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಹಣಿ, ಫೋಟೋ, ವಿಳಾಸದ ದಾಖಲೆ, ವೈದ್ಯರ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪ್ರಮಾಣಪತ್ರ ಮತ್ತು ಕೋವಿಯನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಬೇಕಾಗುತ್ತದೆ. ಬೇರೆ ವಾರಸುದಾರರಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕು. ಮೈದುನನಿಗೋ ಅಣ್ಣನಿಗೋ ಬಾಯಿಮಾತಿನಲ್ಲಿ ಕೋವಿ ಕೊಟ್ಟರೆ ಕೊಟ್ಟವರಿಗೂ ತೊಂದರೆ, ತಕ್ಕೊಂಡವರಿಗೂ ತೊಂದರೆ.

ಮನೆಯ ಯಜಮಾನರು ಇರುವಾಗಲೇ ಇದನ್ನು ಸರಿಮಾಡಿಕೊಳ್ಳಬಹುದು. ಲೈಸೆನ್ಸುದಾರರಿಗೆ 70 ವರ್ಷವಾದಾಗ ಅಥವಾ ಅವರು ಕೋವಿ ಇಟ್ಟುಕೊಂಡು 25 ವರ್ಷವಾದಾಗ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮಗಳಲ್ಲಿ ಅವಕಾಶವಿದೆ.

ಚುನಾವಣೆ ಬಂದಾಗ

ಚುನಾವಣೆ ಘೋಷಣೆಯಾದಾಗ ಕೋವಿ ಠೇವಣಿ ಇಡಿ ಎಂದು ಹೇಳಿಕಳಿಸುತ್ತಾರೆ. ಆಗಲೂ ರಶೀದಿ ಪಡೆಯಿರಿ, ಫಲಿತಾಂಶದ ನಂತರ ಅದನ್ನು ತೋರಿಸಿ ವಾಪಸ್ ತನ್ನಿ. ಬೆಳೆ ಕಾಯಲು ಕೋವಿ ಬೇಕೇ ಬೇಕು ಎಂದಿದ್ದರೆ ಕೊಡದೆ ಸುಮ್ಮನೆ ಕೂರಬೇಡಿ. ಜಿಲ್ಲೆಯಲ್ಲಿ ಇದನ್ನು ಪರಿಶೀಲಿಸುವ ಸಮಿತಿ ಇರುತ್ತದೆ. ಅದಕ್ಕೆ ಕಾರಣ ಬರೆದು, ಪಹಣಿ ಸೇರಿಸಿ, ವಿನಾಯಿತಿ ಕೇಳಿ ಲೈಸೆನ್ಸುದಾರರು ಅರ್ಜಿ ಕೊಡಬೇಕು.

ಕೋವಿಯೇ ಹೆದರಿಕೆಯಾದಾಗ

ಕೆಲವು ಮನೆಗಳಲ್ಲಿ ಗಂಡ ಕುಡಿದು ಬಂದು ಕೋವಿ ತೋರಿಸಿ ಹೆದರಿಸುವುದುಂಟು. "ಸುಮ್ನೆ ಹೆದ್ರಿಸ್ತಾರೆ, ಹೊಡೆಯೋದಿಲ್ಲ" ಎಂದು ತಾಳಿಕೊಳ್ಳಬೇಡಿ. ಮಕ್ಕಳನ್ನು ಕರೆದುಕೊಂಡು ಮನೆಯಿಂದ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಆಮೇಲೆ ಠಾಣೆಗೂ ಜಿಲ್ಲಾಧಿಕಾರಿಗಳಿಗೂ ಲಿಖಿತ ದೂರು ಕೊಡಿ. ಲೈಸೆನ್ಸ್ ಹೊಂದಲು ಯೋಗ್ಯನಲ್ಲ ಎಂದು ಕಂಡರೆ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಕಾಯ್ದೆಯ 17ನೇ ಕಲಮಿನಲ್ಲಿದೆ. ಈ ದೂರಿಗೂ ಮುದ್ರೆ ಹಾಕಿದ ಪ್ರತಿ ಪಡೆಯಿರಿ. ಅದನ್ನು ಮನೆಯಲ್ಲಿ ಇಡದೆ ಸಂಘದ ಕಡತದಲ್ಲಿ ಇಡಿ.

ಆ ಸಹೋದರಿಗೆ ಏನಾಯಿತು?

ಮೊದಲು ಹೇಳಿದ ಸದಸ್ಯೆಯ ಜೊತೆ ಸಂಘದ ಇಬ್ಬರು ಠಾಣೆಗೆ ಹೋದರು. ಲೈಸೆನ್ಸ್ ಕಳೆದುಹೋದ ವಿಷಯವನ್ನೂ ಮುಚ್ಚಿಡದೆ ಪತ್ರದಲ್ಲಿ ಬರೆದಿದ್ದರು. ಮುದ್ರೆ ಹಾಕಿದ ಪ್ರತಿ ಸಿಕ್ಕಿತು. ಮಾರನೆ ದಿನ ಸಿಬ್ಬಂದಿ ಮನೆಗೆ ಬಂದು ಕೋವಿ ಇಳಿಸಿ ನೋಡಿದರು. ಅದು ಈಡಾಗಿತ್ತು. ಎಂಟು ತಿಂಗಳು ಅದರ ಕೆಳಗೇ ಇಬ್ಬರು ಮಕ್ಕಳು ಮಲಗುತ್ತಿದ್ದರು.

ಲೈಸೆನ್ಸಿನ ವಿವರ ಕಚೇರಿಯ ರಿಜಿಸ್ಟರಿನಿಂದ ಸಿಗಲು ಮೂರು ತಿಂಗಳು ಓಡಾಡಬೇಕಾಯಿತು. ಜೆರಾಕ್ಸ್ ಇದ್ದಿದ್ದರೆ ಆ ಓಡಾಟ ತಪ್ಪುತ್ತಿತ್ತು. ಕೊನೆಗೆ ಅವರು ಕೋವಿ ಬೇಡವೆಂದು, ಅನುಮತಿ ಪಡೆದು, ಲೈಸೆನ್ಸ್ ಇರುವ ಅಂಗಡಿಗೆ ಮಾರಿದರು. "ಈಗ ನಿದ್ದೆ ಬರ್ತದೆ ಸಿಸ್ಟರ್" ಎಂದರು.

ಮುಂದಿನ ಸಭೆಯಲ್ಲಿ ಹೀಗೆ ಮಾಡೋಣ

1. ಯಾರ ಮನೆಯಲ್ಲಿ ಕೋವಿ ಇದೆ ಎಂದು ಎಲ್ಲರ ಮುಂದೆ ಕೇಳುವುದು ಬೇಡ. ಅವರವರೇ ಮನೆಗೆ ಹೋಗಿ ಲೈಸೆನ್ಸ್ ತೆಗೆದು ಹೆಸರು, ಕೊನೆಯ ದಿನಾಂಕ ನೋಡಲಿ.

2. ಅವಧಿ ಮುಗಿಯಲು ಆರು ತಿಂಗಳಿದ್ದರೆ ಈಗಲೇ ನವೀಕರಣದ ಕಾಗದ ಹೊಂದಿಸಲು ಶುರುಮಾಡಿ. ಕೊನೆಯ ವಾರದವರೆಗೆ ಬಿಡಬೇಡಿ.

3. ಜೆರಾಕ್ಸ್ ಒಂದು ಮನೆಯಲ್ಲಿ, ಇನ್ನೊಂದು ಬೇರೆ ಕಡೆ ಇರಲಿ.

4. ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಸದಸ್ಯೆ ಇದ್ದರೆ, ಪಿಂಚಣಿ ಅರ್ಜಿಯ ಬಗ್ಗೆ ಮಾತಾಡುವಾಗ ಮೆಲ್ಲನೆ ಇದನ್ನೂ ಕೇಳಿ: "ಅಕ್ಕಾ, ಮನೆಯಲ್ಲಿ ಕೋವಿ ಏನಾದ್ರೂ ಇದೆಯಾ?"